ಎರಡು ಬೋರ್ಡು, ಒಂದೇ ವಿಳಾಸ

ಯಾರೂ ನನ್ನ ಜೊತೆ ಜಗಳ ಆಡುತ್ತಿಲ್ಲ. ಗಂಡ ಹೋದ ಮೇಲೆ ಕೆಲಸಕ್ಕೆ ಮರಳಿದಾಗಿನಿಂದ ಇದೇ ಪಾಡು. ಮನೆಯಲ್ಲಿ ಅಡುಗೆಗೆ ಎರಡು ಸಲ ಉಪ್ಪು ಬಿದ್ದರೂ ಅತ್ತೆ ತುಟಿಪಿಟಕ್ಕೆನ್ನದೆ ಉಣ್ಣುತ್ತಾರೆ. ಆಫೀಸಿನಲ್ಲಿ ನಾನು ಬೇಡವೆಂದ ಕೋಡ್ ನನ್ನನ್ನು ದಾಟಿಕೊಂಡು ಮುಂದೆ ಹೋಗುತ್ತದೆ.

ನನ್ನ ಕೆಲಸ ಕರ್ನಲ್‌ನ, ಅಂದರೆ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶದ, ನೆಟ್‌ವರ್ಕ್ ಡ್ರೈವರುಗಳನ್ನು ಪರಿಶೀಲಿಸುವುದು; ನೆಟ್‌ವರ್ಕ್ ಚಿಪ್ಪನ್ನು ನಡೆಸುವ ಕೋಡ್ ಅದು. ಪ್ರತಿ ನೆಟ್‌ವರ್ಕ್ ಚಿಪ್ಪಿಗೂ ಅದರದೇ ಆದ ವಿಳಾಸವಿರುತ್ತದೆ; ಕಾರ್ಖಾನೆಯಲ್ಲೇ ಅದರೊಳಗೆ ಬರೆದಿರುತ್ತಾರೆ. ಡ್ರೈವರ್ ಅದನ್ನು ಓದಿಕೊಳ್ಳಬೇಕು. ನಾವು ಗಡಿಬಿಡಿ ಎಂದು ಕರೆಯುವ ಸಹೋದ್ಯೋಗಿ ಬರೆದ ಡ್ರೈವರ್, ಚಿಪ್ಪಿನಲ್ಲಿ ವಿಳಾಸವಿಲ್ಲದೆ ಖಾಲಿಯಿದ್ದರೆ ತನ್ನಲ್ಲೇ ಬರೆದಿಟ್ಟ ಒಂದು ವಿಳಾಸವನ್ನು ಕೊಟ್ಟು ಸುಮ್ಮನಾಗುತ್ತಿತ್ತು. ಖಾಲಿ ಚಿಪ್ಪುಗಳಿಗೆಲ್ಲ ಅದೊಂದೇ ವಿಳಾಸ. ಇದು ಆಗದು ಎಂದು ಬರೆದೆ.

“ಸರಿ ಅಕ್ಕ, ನೀವು ಸುಧಾರಿಸಿಕೊಳ್ಳಿ” ಎಂದು ಉತ್ತರ ಬಂತು. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಮುಖ್ಯಸ್ಥರು ಒಪ್ಪಿಗೆ ಕೊಡುವುದರಲ್ಲಿದ್ದರು.

ಲ್ಯಾಬಿಗೆ ಹೋಗಿ, ಖಾಲಿ ಚಿಪ್ಪಿನ ಎರಡು ಸರ್ಕ್ಯೂಟ್ ಬೋರ್ಡು ಹುಡುಕಿ, ಎರಡರ ಕೇಬಲ್ಲನ್ನೂ ಒಂದೇ ನೆಟ್‌ವರ್ಕ್ ಸ್ವಿಚ್ಚಿಗೆ ಚುಚ್ಚಿದೆ. ಎರಡಕ್ಕೂ ವಿಳಾಸ ಒಂದೇ; ಒಂದು ಮಾತಾಡಿದರೆ ಇನ್ನೊಂದು ಮೂಕವಾಗುತ್ತಿತ್ತು. ಗಡಿಬಿಡಿಯನ್ನೂ ಮುಖ್ಯಸ್ಥರನ್ನೂ ಕರೆದೆ.

“ನನ್ನ ಮೇಜಿನ ಮೇಲೆ ಚೆನ್ನಾಗೇ ಓಡ್ತಿತ್ತಲ್ಲ ಅಕ್ಕ” ಎಂದ ಗಡಿಬಿಡಿ.

“ನಿನ್ನ ಮೇಜಿನ ಮೇಲೆ ಇರೋದು ಒಂದೇ ಬೋರ್ಡು.”

ಮುಖ್ಯಸ್ಥರು ದನಿ ತಗ್ಗಿಸಿದರು. “ಇವತ್ತು ಮನೆಗೆ ಹೋಗಮ್ಮ. ಮನಸ್ಸು ಸರಿಯಿಲ್ಲದಾಗ ಎಲ್ಲಾ ದೊಡ್ಡದಾಗೇ ಕಾಣುತ್ತೆ.”

“ನನ್ನ ಗಂಡ ಸತ್ತಿದ್ದಕ್ಕೂ ಈ ಬೋರ್ಡು ಬಾಯಿ ಮುಚ್ಕೊಂಡಿದ್ದಕ್ಕೂ ಏನ್ ಸಂಬಂಧ ಸಾರ್?”

ಅವರು ಕೇಬಲ್ ನೋಡತೊಡಗಿದರು. ಗಡಿಬಿಡಿಯ ಕಿವಿ ಕೆಂಪಾಯಿತು.

“ನೀವು ಮೊಸರಲ್ಲಿ ಕಲ್ಲು ಹುಡುಕ್ತಿದೀರಿ. ಖಾಲಿ ಚಿಪ್ ಇರೋ ಬೋರ್ಡನ್ನ ಯಾರ್ರೀ ಮಾರ್ತಾರೆ?”

“ಇವೆರಡು ಎಲ್ಲಿಂದ ಬಂದವು ಮತ್ತೆ? ಮರದಲ್ಲಿ ಬಿಟ್ಟಿದ್ವಾ?”

“ಹಾಗಾದ್ರೆ ನೀವೇ ಬರೀರಿ.”

“ನೀನೇ ಬರಿ. ಪ್ರತಿ ಸಲ ಬೇರೆ ವಿಳಾಸ ಹುಟ್ಟಿಸೋ ಫಂಕ್ಷನ್ ಕರ್ನಲ್‌ನಲ್ಲೇ ಇದೆ. ಓದೋಕೆ ಪುರುಸೊತ್ತಿಲ್ಲ ನಿಂಗೆ.”

ಅವನು ಬಾಗಿಲು ದೂಡಿಕೊಂಡು ಹೋದ. ಮುಖ್ಯಸ್ಥರು ಒಪ್ಪಿಗೆ ತಡೆಹಿಡಿದರು.

ಸಂಜೆ ಹೊಸ ಕೋಡ್ ಬಂತು. ಜೊತೆಗೊಂದು ಸಾಲು: “ಈಗಲಾದರೂ ಸಮಾಧಾನವಾಯಿತೇ?” ‘ಅಕ್ಕ’ ಇಲ್ಲ, ‘ಸುಧಾರಿಸಿಕೊಳ್ಳಿ’ ಇಲ್ಲ.

ಓದಿದೆ. ಬೇರೆ ಬೇರೆ ವಿಳಾಸವನ್ನೇನೋ ಹುಟ್ಟಿಸಿದ್ದ, ಆದರೆ ಚಿಪ್ಪನ್ನು ಓದುವ ಗೋಜಿಗೇ ಹೋಗದೆ. ಈಗ ಸ್ವಂತ ವಿಳಾಸವಿದ್ದ ಒಳ್ಳೆಯ ಚಿಪ್ಪಿಗೂ ಸುಳ್ಳು ವಿಳಾಸ.

ಇದೂ ಆಗದು ಎಂದು ಬರೆದು ಕಳಿಸಿದೆ.

“ಈ ಹೆಂಗಸಿನ ಕಾಟ ತಡೆಯೋಕಾಗಲ್ಲಪ್ಪ” ಎಂದು ಆಚೆ ಸಾಲಿನಿಂದ ಗಡಿಬಿಡಿಯ ದನಿ ಕೇಳಿಸಿತು. ಅಂತೂ ನನ್ನ ಜೊತೆ ಜಗಳ ಆಡಲು ಒಬ್ಬ ಸಿಕ್ಕಿದ್ದ. ಕುರ್ಚಿ ಎಳೆದುಕೊಂಡು ಅವನ ಮೇಜಿಗೇ ಹೋದೆ.