ಅಡಕಲ ಗಡಿಗೆಯ ಮಿಷಿನ್ನು

ಬಡವರ ಮನೆಗೆ ಒಳ್ಳೆಯ ವಸ್ತು ಬಂದರೆ ಅದು ಬಳಸಲಿಕ್ಕಲ್ಲ, ಬಚ್ಚಿಡಲಿಕ್ಕೆ. ಮರಿಲಿಂಗಮ್ಮನ ಮನೆಯಲ್ಲೂ ಹಾಗೇ ಆಯಿತು. ಮಾಘದಲ್ಲಿ ಯಾದಗಿರಿಯ ದೊಡ್ಡಾಸ್ಪತ್ರೆಯವರು ಅವಳ ಮಗಳು ಯಶೋಧರಾಳ ಎರಡೂ ಕಿವಿಗೆ ಸರ್ಕಾರದ ಮಿಷಿನ್ನು ಕೊಟ್ಟರು. ಹುಡುಗಿಗೆ ಐದು ವರ್ಷ, ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅಲ್ಲಿನ ಗುಮಾಸ್ತ, "ಕಳದ್ರ ಮತ್ತೊಂದು ಸಿಗಂಗಿಲ್ಲ ನೋಡಮ್ಮ" ಅಂದ. ಅಂದು ಅವರು ಹೇಳಿದ ನೂರು ಮಾತಿನಲ್ಲಿ ಮರಿಲಿಂಗಮ್ಮನ ತಲೆಯಲ್ಲಿ ಉಳಿದದ್ದು ಇದೊಂದೇ.

ಮನೆಗೆ ಬಂದ ಮರುದಿನವೇ ಅತ್ತೆ ಸುಂದ್ರಮ್ಮ ಮಿಷಿನ್ನಿನ ಡಬ್ಬಿ ಇಸಿದುಕೊಂಡಳು. ಮೂಲೆಯಲ್ಲಿ ಒಂದರ ಮೇಲೊಂದು ಏರಿಸಿದ ಅಡಕಲ ಗಡಿಗೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಅವಳ ತಿಜೋರಿ. ಬೆಳ್ಳಿ ಕಡಗ, ರೇಷನ್ ಕಾರ್ಡು, ಮಗ ಅಂಬ್ರಪ್ಪನ ಏಳನೇ ಇಯತ್ತೆಯ ಸರ್ಟಿಫಿಕೇಟು, ಎಲ್ಲವೂ ಅಲ್ಲಿ ಜೋಳದೊಳಗೆ ಹುದುಗಿದ್ದವು. ಮಿಷಿನ್ನೂ ಅಲ್ಲಿಗೇ ಹೋಯಿತು.

"ಊರಿಗಿ ಹೋಗಾಗ ಹಾಕಿದ್ರಾತು. ಮನ್ಯಾಗ ಯಾರ ಮಾತು ಕೇಳಬೇಕಾಗೈತಿ ಅದಕ್ಕ?" ಅಂದಳು ಸುಂದ್ರಮ್ಮ.

ಕಡಗ ಹಾಕುವುದು ಊರಿಗೆ ಹೋಗುವಾಗ, ಒಳ್ಳೆಯ ಸೀರೆ ಉಡುವುದೂ ಊರಿಗೆ ಹೋಗುವಾಗ. ಮಿಷಿನ್ನೂ ಅದೇ ಸಾಲಿನದು ಎಂದರೆ ಮರಿಲಿಂಗಮ್ಮನಿಗೆ ತಪ್ಪು ಕಾಣಲಿಲ್ಲ. ಮೇಲಾಗಿ ಮೊದಲ ದಿನ ಹಾಕಿದಾಗ ಗಂಗಾಳ ಬಿದ್ದ ಸದ್ದಿಗೆ ಕೂಸು ಚಿಟ್ಟನೆ ಚೀರಿ ಎರಡನ್ನೂ ಕಿತ್ತು ಒಗೆದಿತ್ತು. ಕೂಲಿ ಮಾಡಿ ಬಂದ ಮೈಗೆ ಅದರ ಜೊತೆ ಜಗ್ಗಾಡುವ ತ್ರಾಣ ಎಲ್ಲಿಂದ ಬರಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯ ಜೊತೆಗೆ ಹೆತ್ತ ತಾಯಿಯೂ ಸೇರಿಕೊಂಡಳು, ಅಷ್ಟೇ.

ಶ್ರಾವಣದಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಕಾಲುವೆಗೆ ನೀರು ಬಿಟ್ಟಿದ್ದರು, ನೆಲ್ಲು ನಾಟಿಯ ಭರಾಟೆ. ಒಂದು ದಿನ ತಪ್ಪಿಸಿದರೆ ಕೂಲಿ ಗುಂಪಿನ ಮುಂದಾಳು ಮುಖ ತಿರುವುತ್ತಾಳೆ. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಭೀಮರಾಯನಗುಡಿವರೆಗೆ ಟಂಟಂ ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ನಿಂತೇ ಬಂದಳು. ಆಸ್ಪತ್ರೆಯ ಹೊರಗೆ ಮಗಳ ಕಿವಿಗೆ ಮಿಷಿನ್ನು ಸಿಕ್ಕಿಸಿ ಸೆರಗಿನಿಂದ ಒರೆಸಿದಳು. ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಸೊಂಟ ಸೋತು ಸುಣ್ಣವಾಗಿತ್ತು.

ಕಿವಿ ಪರೀಕ್ಷೆ ಮಾಡುವ ಖುರ್ಷೀದಬೇಗಂ ವಯಸ್ಸಿನಲ್ಲಿ ಅವಳಿಗಿಂತ ಸಣ್ಣವಳು. "ದಿನಾ ಹಾಕತಾಳೇನ್ರಿ ಅಕ್ಕಾ?" ಅಂತ ಕೇಳಿದಳು.

"ಹೌದ್ರಿ ಮೇಡಂ. ಎದ್ದಾಗಿಂದ ಮಲಗೂತನಕ."

ಖುರ್ಷೀದಬೇಗಂ ಮಿಷಿನ್ನನ್ನು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ ನೋಡಿದಳು. ಪರದೆಯನ್ನು ಮರಿಲಿಂಗಮ್ಮನ ಕಡೆ ತಿರುಗಿಸಿದಳು. ಬೈದುಬಿಟ್ಟಿದ್ದರೆ ವಾಸಿಯಿತ್ತು.

"ಎಷ್ಟು ತಾಸು ಕಿವ್ಯಾಗ ಇತ್ತು ಅಂತ ಮಿಷಿನ್ ತಾನೇ ಲೆಕ್ಕ ಇಟ್ಟಿರತದ ಅಕ್ಕಾ. ಆರು ತಿಂಗಳಾಗ ಒಂಬತ್ತು ತಾಸು ಅಂತ ತೋರಸಾಕತ್ತದ."

ಮರಿಲಿಂಗಮ್ಮ ನೆಲ ನೋಡಿದಳು. ಭೂಮಿ ಬಾಯ್ಬಿಟ್ಟರೆ ಹೊಕ್ಕುಬಿಡುತ್ತಿದ್ದಳು.

"ದೀಪಾವಳಿ ದಾಟಿದ್ರ ಈಕಿಗೆ ಆರು ತುಂಬತಾವ," ಅಂದಳು ಖುರ್ಷೀದಬೇಗಂ. "ಅದರೊಳಗ ಈಕಿ ಫೈಲ್ ಬೆಂಗಳೂರಿಗೆ ಹೋಗಬೇಕು. ಮಿಷಿನ್ ಹಾಕಿ ಏನು ಫರಕ್ ಆತು ಅಂತ ನಾ ಬರದು ಕೊಟ್ರ, ಇದೇ ಸಾಕೋ, ಕಿವಿ ಆಪರೇಷನ್ ಬೇಕೋ, ಅಲ್ಲಿ ನೋಡತಾರ. ಎಲ್ಲಾ ಸರ್ಕಾರದ್ದೇ. ಆದ್ರ ಹಾಕಲಾರದ ಏನಂತ ಬರೀಲಿ? ಆರು ದಾಟಿದ್ರ ಆ ಫೈಲ್ ಯಾರೂ ಮುಟ್ಟಂಗಿಲ್ಲ. ಮಾತು ಕಲಿಯೋ ವಯಸ್ಸೂ ಕೈ ಬಿಟ್ಟು ಹೋಗತದ."

"ಹೊಲದಾಗ ಕಳದ್ರ ಏನ್ ಮಾಡ್ಲಿ ಮೇಡಂ?"

ಖುರ್ಷೀದಬೇಗಂ ಸಣ್ಣ ಬ್ರಷ್ಷಿನಿಂದ ಮಿಷಿನ್ನಿನ ಸಂದಿಯೊಳಗಿನ ಜೋಳದ ಧೂಳು ತೆಗೆದು ಅಂಗೈ ಮೇಲೆ ಹಾಕಿ ತೋರಿಸಿದಳು. "ಜೋಳದಾಗ ಇಟ್ರೂ ಕಳದಂಗೇ ಅಲ್ಲೇನು? ಇನ್ನ ಮೂರು ತಿಂಗಳು ಅದ. ನಿಮ್ಮ ಕೈಯಾಗ ಅದ."

ಅಂದಿನಿಂದ ಮರಿಲಿಂಗಮ್ಮನಿಗೆ ಎರಡು ಕೂಲಿ. ಒಂದು ಕೆಸರಿನಲ್ಲಿ, ಇನ್ನೊಂದು ಮಗಳ ಕಿವಿಯಲ್ಲಿ. ಸುಂದ್ರಮ್ಮ ಗಡಿಗೆಗಳ ಮುಂದೆ ಅಡ್ಡ ಕೂತಳು. ಸೊಸೆ ಎದುರಾಡಲಿಲ್ಲ, ಅತ್ತೆ ನೀರಿಗೆ ಹೋದಾಗ ಗಡಿಗೆ ಇಳಿಸಿ ಡಬ್ಬಿ ತೆಗೆದುಕೊಂಡಳು. ಎರಡೂ ಮಿಷಿನ್ನಿಗೆ ಕರಿ ದಾರ ಕಟ್ಟಿ ಅಂಗಿಯ ಕೊರಳಿಗೆ ಬಿಗಿದಳು. ಯಶಿ ಕಿತ್ತಳು, ಇವಳು ಹಾಕಿದಳು. ಮತ್ತೆ ಕಿತ್ತಳು, ಮತ್ತೆ ಹಾಕಿದಳು. ಟ್ರ್ಯಾಕ್ಟರ್ ಬಂದರೆ ಕೂಸು ಕಿವಿ ಮುಚ್ಚಿಕೊಂಡು ಅಳುತ್ತಿತ್ತು. ಸಾಲಿನಲ್ಲಿ ಬಗ್ಗಿದ ಹೆಂಗಸರು, "ತಗದಾರ ಒಗಿಯವ್ವ, ಸುಮ್ನ ಇದ್ದ ಕೂಸಿಗಿ ಯಾಕ ಈ ಕಾಟ" ಅನ್ನುತ್ತಿದ್ದರು. ಎಷ್ಟೋ ಸಲ ಅವಳಿಗೂ ಒಗೆದುಬಿಡಬೇಕು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಮಗಳ ಮೇಲೆ ಎರಡು ಸಲ ಕೈಯೂ ಮಾಡಿದಳು. ಆಮೇಲೆ ಬದುವಿನ ಮೇಲೆ ಕೂತು ತಾನೂ ಅತ್ತಳು.

ಆ ಮನೆಯಲ್ಲಿ ಯಶಿಯನ್ನು ಹೆಸರು ಹಿಡಿದು ಕೂಗುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಬೇಕಾದರೆ ಹೋಗಿ ಹೆಗಲು ಮುಟ್ಟುತ್ತಿದ್ದರು, ಇಲ್ಲವೆ ನೆಲಕ್ಕೆ ಕಾಲು ಬಡಿಯುತ್ತಿದ್ದರು. ಹೆಸರನ್ನು ಅಪ್ಪ ಅಂಬ್ರಪ್ಪ ಆಸೆಪಟ್ಟು ಇಟ್ಟಿದ್ದ. ಈಗ ಅದು ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು.

ದೀಪಾವಳಿಗೆ ಇನ್ನೂ ಒಂದು ತಿಂಗಳು ಇತ್ತು. ಕಳೆ ಕೀಳುತ್ತಿದ್ದ ಮರಿಲಿಂಗಮ್ಮ ತಲೆ ಎತ್ತಿ ನೋಡಿದರೆ ಮಗಳು ಹೊಲಗಾಲುವೆಯ ದಂಡೆಯ ತುದಿಗೆ ಹೋಗಿ ನೀರಿಗೆ ಬಗ್ಗಿದ್ದಾಳೆ. ನಡುವೆ ಮೊಣಕಾಲುದ್ದದ ಕೆಸರು, ಓಡುವಂತಿಲ್ಲ. ಜೀವ ಬಾಯಿಗೆ ಬಂದು "ಯಶೀ" ಅಂತ ಒದರಿದಳು. ಹುಡುಗಿ ಸರ್ರನೆ ಹಿಂದೆ ತಿರುಗಿದಳು. ತಿರುಗುವ ಭರಕ್ಕೆ ಎಡಗಿವಿಯ ದಾರ ಜಾಲಿ ಮುಳ್ಳಿಗೆ ಸಿಕ್ಕಿ ಹರಿದು, ಮಿಷಿನ್ನು ನೀರಿಗೆ ಬಿತ್ತು.

ಹೊತ್ತು ಮುಳುಗುವವರೆಗೆ ಹೆಂಗಸರೆಲ್ಲ ಸೇರಿ ಕಾಲುವೆಯ ರಾಡಿ ತಡಕಿದರು. ಸಿಗಲಿಲ್ಲ.

"ನಾ ಏನು ಹೇಳಿದ್ನಿ," ಅಂದಳು ಸುಂದ್ರಮ್ಮ.

ಮುಂದಿನ ಇಪ್ಪತ್ತು ದಿನ ಮರಿಲಿಂಗಮ್ಮನಿಗೆ ತುತ್ತು ಇಳಿಯಲಿಲ್ಲ. ಸರ್ಕಾರದ ಮಾಲು, ಹೆಬ್ಬೆಟ್ಟು ಒತ್ತಿದ್ದಾಳೆ, ಒಂಬತ್ತು ತಾಸಿನ ಸುಳ್ಳು ಬೇರೆ ತಲೆ ಮೇಲಿದೆ. ಈಗ ನೀರಿಗೆ ಬಿತ್ತು ಅಂದರೆ ಯಾರು ನಂಬುತ್ತಾರೆ, ಫೈಲು ಯಾರು ಕಳಿಸುತ್ತಾರೆ. ಹೋಗುವುದೇ ಬೇಡ ಅಂತಲೂ ಯೋಚಿಸಿದಳು. ಆದರೂ ಬಲಗಿವಿಯದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಹಬ್ಬಕ್ಕೆ ಹತ್ತು ದಿನ ಇರುವಾಗ ಆಸ್ಪತ್ರೆಗೆ ಹೋಗಿ, ಖುರ್ಷೀದಬೇಗಂ ಮುಂದೆ ಉಳಿದ ಮಿಷಿನ್ನನ್ನೂ ಖಾಲಿ ಡಬ್ಬಿಯನ್ನೂ ಇಟ್ಟು ನಿಂತಳು. ಮಿಷಿನ್ನಿನ ಮೈಯೆಲ್ಲ ಗೀರು, ಸಂದಿಯಲ್ಲಿ ಒಣಗಿದ ಕೆಸರು. ಖುರ್ಷೀದಬೇಗಂ ವೈರು ಸಿಕ್ಕಿಸಿದಳು.

"ದಿನಕ್ಕ ಹತ್ತು ತಾಸು," ಅಂದು ಮಿಷಿನ್ನನ್ನು ಹುಡುಗಿಯ ಬಲಗಿವಿಗೆ ತಾನೇ ಹಾಕಿದಳು. "ಇನ್ನೊಂದು ಎಲ್ಲಿ ಅಕ್ಕಾ?"

ಮರಿಲಿಂಗಮ್ಮ ಅಳುತ್ತಲೇ ಎಲ್ಲ ಹೇಳಿದಳು. ಕೆಸರು, ದಂಡೆ, ಜಾಲಿ ಮುಳ್ಳು, ಹರಿದ ದಾರ. "ನಂದೇ ತಪ್ಪು ಮೇಡಂ. ನಾ ಕೂಗಬಾರದಿತ್ತು. ನಾ ಕೂಗಿದ್ದಕ್ಕೇ ಅದು ತಿರುಗಿತು, ತಿರುಗಿದ್ದಕ್ಕೇ ದಾರ ಹರೀತು."

ಬರೆಯುತ್ತಿದ್ದ ಖುರ್ಷೀದಬೇಗಂ ಪೆನ್ನು ಕೆಳಗಿಟ್ಟಳು.

"ಈಕಿ ನಿಮಗ ಬೆನ್ನು ಮಾಡಿದ್ದಳೇನು?"

"ಹೌದ್ರಿ."

"ಎಷ್ಟು ದೂರದಿಂದ ಕೂಗಿದ್ರಿ?"

"ಇಪ್ಪತ್ತು ಹೆಜ್ಜಿ ಆಗಬೌದ್ರಿ."

"ಕೂಗಿದ ಕೂಡ್ಲೇ ತಿರುಗಿದಳಾ?"

"ಹೌದ್ರಿ" ಅಂದ ಮೇಲೆಯೇ ತಾನು ಏನು ಹೇಳಿದೆ ಅನ್ನುವುದು ಮರಿಲಿಂಗಮ್ಮನಿಗೆ ಹೊಳೆಯಿತು. ಇಪ್ಪತ್ತು ದಿನ ಅವಳು ಮಿಷಿನ್ನು ನೀರಿಗೆ ಬಿದ್ದದ್ದನ್ನೇ ನೋಡಿದ್ದಳು. ದಂಡೆಯ ಮೇಲೆ ಕೂಗಿಗೆ ತಿರುಗಿದ ಮಗಳನ್ನು ನೋಡಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತಳು.

ಯಶಿ ಮೂಲೆಯಲ್ಲಿ, ಇವರಿಗೆ ಬೆನ್ನು ಮಾಡಿ, ಮರದ ಬಿಲ್ಲೆಗಳನ್ನು ಒಂದರ ಮೇಲೊಂದು ಏರಿಸುತ್ತಿದ್ದಳು.

"ನಾ ಬರಿಯೋ ಫರಕ್ ಇದೇ. ಇನ್ನೊಮ್ಮೆ ಕೂಗ್ರಿ ಅಕ್ಕಾ," ಅಂದಳು ಖುರ್ಷೀದಬೇಗಂ ಮೆಲ್ಲಗೆ.

ಮರಿಲಿಂಗಮ್ಮ ಹೆಸರು ಹಿಡಿದು ಕೂಗಿದಳು. ಯಶಿ ಬಿಲ್ಲೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ, ಆಟ ಕೆಡಿಸಿದ್ದಕ್ಕೆ ಸಿಟ್ಟು ಬಂದವಳಂತೆ ತಾಯಿಯ ಕಡೆ ತಿರುಗಿ ನೋಡಿದಳು.