ಅಪ್ಪ ನಿಂತ ಜಾಗ

ಒಹಾಯೊದ ನಮ್ಮ ಹಳ್ಳಿಯಲ್ಲಿ ಹಳೆಯ ಹಾಲಿನ ಗಾಡಿಗಳನ್ನು ಸರಿಮಾಡುವವನು ಮುದುಕ ವೆಂಡೆಲ್ ಒಬ್ಬನೇ. ತನ್ನ ಅಪ್ಪ ಮನೆಮನೆಗೆ ಹಾಲು ಹಾಕುತ್ತ ಮೂವತ್ತು ವರ್ಷ ನಿಂತುಕೊಂಡೇ ಓಡಿಸಿದ್ದ ಮೋಟಾರು ಗಾಡಿಯನ್ನು ಲೋರ್ನಾ ಅವನಿಗೆ ಒಪ್ಪಿಸಿದ್ದಳು. ಹಳೆಯ ಗಾಡಿಗಳ ಪ್ರದರ್ಶನದಲ್ಲಿ ಅದು ಗೆಲ್ಲಬೇಕೆಂಬುದು ಇಬ್ಬರ ಆಸೆ. ಬಣ್ಣ ಮುಗಿದಿತ್ತು, ಸವೆದ ನೆಲಕ್ಕೆ ಹೊಸ ತಗಡು ಹೊಡೆಯುವುದೊಂದೇ ಬಾಕಿ.

"ಒಂದ್ಸಲ ಹತ್ತಿ ನೋಡ್ತೀನಿ, ಇರಿ," ಎಂದಳು.

ಸ್ಟೇರಿಂಗ್ ಹಿಡಿದು ನಿಂತಾಗ ಎಡಗಾಲು ತಾನಾಗಿಯೇ ಒಂದು ತಗ್ಗಿನಲ್ಲಿ ಕೂತಿತು. ಅಪ್ಪನ ಬೂಟು ಸವೆಸಿದ ತಗ್ಗು. ಕಣ್ಣು ಮುಚ್ಚಿದಳು. ಹಿಂದೆ ಬಾಟಲಿಗಳು ಮೆಲ್ಲಗೆ ಕಿಣಿಗುಟ್ಟಿದವು; ಮಂಜು ಮುಸುಕಿದ ಜೋಳದ ಹೊಲಗಳು ಎರಡೂ ಬದಿಯಲ್ಲಿ ತೇಲಿಹೋದವು.

"ಬ್ಯಾಟರಿನೇ ಹಾಕಿಲ್ಲ, ಎಲ್ಲಿಗಮ್ಮ ಹೊರಟೆ?"

"ಇನ್ನೂ ನಾಲ್ಕು ಮನೆಗೆ ಹಾಲು ಹಾಕ್ಬೇಕು ಮಾವ. ತಗಡು ಬೇಡ."

"ಬಹುಮಾನ ಸಿಗಲ್ಲ ನೋಡು."

"ಸಿಗದಿದ್ರೆ ಬೇಡ."

ವೆಂಡೆಲ್ ತಗಡನ್ನು ಗೋಡೆಗೊರಗಿಸಿ, ತುಕ್ಕು ಹಿಡಿಯದಂತೆ ಆ ತಗ್ಗಿಗೆ ಎಣ್ಣೆ ಸವರತೊಡಗಿದ.