ಹಸಿ ಬಣ್ಣದ ಹಲಗೆ

"ಹೃದಯಾಘಾತ ಅಂತ ಬರಿ," ಎಂದು ಚಿಕ್ಕಪ್ಪ ಮತ್ತೆ ಹೇಳಿದಾಗ ಮಗಳು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಲೇ ಇದ್ದಳು. ಅವಳ ಮುಂದಿದ್ದ ಕಪ್ಪು ಹಲಗೆಯಲ್ಲಿ ಅಪ್ಪನ ಹೆಸರು ಬಿಳಿಯಾಗಿ ಮೂಡಿತ್ತು. ತೀರಾ ಕೆಳಗೆ 'ನಿಧನರಾದರು' ಎಂದಿತ್ತು. ನಡುವೆ ಒಂದು ಸಾಲು ಖಾಲಿ.

ಅಪ್ಪ ಒಳಗೆ ಮಲಗಿದ್ದ. ಆ ಬೀದಿಯ ಅಂಗಡಿಗಳ ಬೋರ್ಡೆಲ್ಲ ಅವನ ಕೈಬರಹವೇ, ಮೂಲೆಯ ಮದ್ಯದಂಗಡಿಯದೂ ಸೇರಿ.

"ಡಾಕ್ಟರು ಲಿವರ್ ಹೋಗಿದೆ ಅಂದ್ರಲ್ಲ ಚಿಕ್ಕಪ್ಪ."

"ಡಾಕ್ಟರು ಹೇಳ್ತಾರೆ, ಹೋಗ್ತಾರೆ. ಈ ಬೀದಿಲಿ ತಲೆ ಎತ್ಕೊಂಡು ಓಡಾಡ್ಬೇಕಾದೋರು ನಾವು. ಕೊನೆಗೆ ಎಲ್ರ ಹೃದಯಾನೂ ನಿಲ್ಲುತ್ತೆ ತಾನೆ? ಅದ್ರಲ್ಲಿ ಸುಳ್ಳೇನು ಬಂತು?" ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳನ್ನು ಸರಿಮಾಡಿಕೊಂಡು, ದನಿ ತಗ್ಗಿಸಿದ. "ಮಕ್ಕಳಿದ್ದಾರೆ. ಅವ್ರೆದುರಿಗೆ ಇದೆಲ್ಲ ಯಾಕೆ?"

ಮಕ್ಕಳೆಂದರೆ ಅವನದೇ ಮಗಳು, ಈಗಷ್ಟೇ ಕಾಲೇಜು ಸೇರಿದವಳು. ಬಣ್ಣದ ಡಬ್ಬಿ ಹಿಡಿದು ಅಕ್ಕನ ಪಕ್ಕದಲ್ಲೇ ಕೂತಿದ್ದಳು. ಅವಳು ಬಗ್ಗಿದಾಗ ಪೆಪ್ಪರ್‌ಮಿಂಟ್ ಘಮ್ಮೆಂದಿತು. ಅದರ ಹಿಂದೆಯೇ ಇನ್ನೊಂದು ವಾಸನೆಯೂ ಬಂತು. ಶಾಲೆಯ ಮೇಷ್ಟರನ್ನು ನೋಡಲು ಹೊರಡುವ ಮುಂಚೆ ಅಪ್ಪನೂ ಹೀಗೆಯೇ ಪೆಪ್ಪರ್‌ಮಿಂಟ್ ಜಗಿಯುತ್ತಿದ್ದ. ಅಕ್ಕ ಮುಖ ನೋಡಿದಳು. ಹುಡುಗಿ ತಲೆ ತಗ್ಗಿಸಿದಳು. ಚಿಕ್ಕಪ್ಪನ ಮೂಗಿಗೆ, ಪಾಪ, ಮಾನದ ವಾಸನೆ ಬಿಟ್ಟು ಬೇರೇನೂ ಬಡಿಯುತ್ತಿರಲಿಲ್ಲ.

*

ಅಕ್ಕ ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಅಪ್ಪ ಅವಳನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದ್ದ. ಅವನು ಅವತ್ತು ಇನ್ನೂ ಬಾಟಲಿ ಮುಟ್ಟಿರಲಿಲ್ಲ.

"ನಿನ್ನ ಗೆಳತಿಯರ ಮನೇಲಿ ಕುಡಿಯೋಣ ಬಾ ಅಂತಾರೆ ಇವತ್ತಲ್ಲ ನಾಳೆ. ಅದಕ್ಕೆ ಮುಂಚೆ ನನ್ನ ಕೇಳು. ಏನು ಬೇಕಾದ್ರೂ ಕೇಳು, ಸುಳ್ಳು ಹೇಳಲ್ಲ."

"ಕುಡಿದ್ರೆ ಖುಷಿ ಆಗುತ್ತಾ?"

"ಆಗುತ್ತೆ. ಆಗಲ್ಲ ಅಂದ್ರೆ, ನೀನೊಂದ್ಸಲ ರುಚಿ ನೋಡಿ ಅಪ್ಪ ಸುಳ್ಳ ಅಂತೀಯ. ಆಮೇಲೆ ನನ್ನ ಒಂದು ಮಾತೂ ನಂಬಲ್ಲ."

ಅವನು ಬ್ರಷ್ ಎತ್ತಿ ಹಲಗೆಯ ಮೇಲೆ ಗೆರೆ ಎಳೆದ. ಕೈ ಗಡಗಡ ನಡುಗಿ ಗೆರೆ ಸೊಟ್ಟಗಾಯಿತು. ಬಾಟಲಿ ತೆಗೆದು ಗಂಟಲಿಗೆ ಸುರಿದುಕೊಂಡು, ಅದು ಒಳಗಿಳಿಯುವವರೆಗೆ ಕಾದು, ಇನ್ನೊಂದು ಗೆರೆ ಎಳೆದ. ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ.

"ನೋಡ್ದಾ? ಮೊದಲು ಖುಷಿಗೆ ಕುಡೀತಿದ್ದೆ. ಈಗ ಗೆರೆಗೆ ಕುಡೀತೀನಿ." ಅಪ್ಪ ನಗಲು ನೋಡಿದ, ಆಗಲಿಲ್ಲ. "ನಾನು ಹೋದಾಗ ಹಾರ್ಟು ಗೀರ್ಟು ಅಂತ ಮುಚ್ಚಿಬಿಡ್ತಾರೆ. ಮುಚ್ಚೋಕೆ ಬಿಡಬೇಡ ಮಗಳೇ."

ಅವಳಿಗೆ ಅಪ್ಪನ ಮೇಲೆ ಸಿಟ್ಟೂ ಬಂದಿತ್ತು, ಪ್ರೀತಿಯೂ ಉಕ್ಕಿತ್ತು. ಅವನು ಕುಡಿತ ಬಿಡಲಿಲ್ಲ. ಅವಳು ಮುಟ್ಟಲಿಲ್ಲ.

*

"ಬರೀತೀಯೋ ಇಲ್ವೋ?"

"ಬರೀತೀನಿ," ಎಂದು ಅವಳು ಕೆಂಪು ಬಣ್ಣ ಕೇಳಿ ತೆಗೆದುಕೊಂಡಳು. ಖಾಲಿ ಸಾಲಿನಲ್ಲಿ 'ಕುಡಿತದಿಂದ' ಎಂದು ಬರೆದಳು. ಕೈ ಎಳ್ಳಷ್ಟೂ ನಡುಗಲಿಲ್ಲ.

ಚಿಕ್ಕಪ್ಪ ಕೆಂಡವಾದ. "ಹುಚ್ಚು ಹಿಡಿದಿದೆಯೇನೇ ನಿಂಗೆ? ಸತ್ತ ಅಪ್ಪನ ಮರ್ಯಾದೆ ತೆಗೀತೀಯಾ?"

"ಅದನ್ನ ಬಾಟಲಿನೇ ತೆಗೆದು ಎಷ್ಟೋ ಕಾಲ ಆಯ್ತು ಚಿಕ್ಕಪ್ಪ. ಅಪ್ಪ ನನ್ನ ಹತ್ರ ಮುಚ್ಚಿಡಲಿಲ್ಲ. ನಾನೂ ಯಾರ ಹತ್ರಾನೂ ಮುಚ್ಚಿಡಲ್ಲ."

"ಅತ್ತಿಗೆ, ನೀವಾದ್ರೂ ಹೇಳಿ!"

ಅಮ್ಮ ಎದ್ದು ಬಂದಳು. ಬೋರ್ಡು ಬರೆಸಲು ಬಂದವರಿಗೆಲ್ಲ "ಅವರಿಗೆ ಜ್ವರ, ಮಲಗಿದ್ದಾರೆ" ಎಂದು ಹೇಳಿ ಹೇಳಿ ನಾಲಿಗೆ ಸವೆದವಳು. ಹಲಗೆಯನ್ನು ದಿಟ್ಟಿಸಿ ನೋಡಿದಳು.

"ಅಕ್ಷರ ಇನ್ನೂ ದಪ್ಪ ಇರಲಿ," ಎಂದಳು. "ಬೀದಿ ಆಚೆ ಕಡೆಗೂ ಕಾಣ್ಬೇಕು."

ಮಗಳು ಮತ್ತೊಂದು ಸಲ ಬಣ್ಣ ತೀಡಿದಳು. ಪಕ್ಕದಿಂದ ಸಣ್ಣ ದನಿ ಬಂತು. "ಅಕ್ಕಾ... ನಾನೂ..."

"ಗೊತ್ತು. ಬೈಯಲ್ಲ. ನಾಳೆ ಬೆಳಿಗ್ಗೆ ಬಾ. ಏನು ಬೇಕಾದ್ರೂ ಕೇಳು. ಈಗ ಆ ತುದಿ ಹಿಡ್ಕೋ."

ಇಬ್ಬರೂ ಸೇರಿ ಹಲಗೆಯನ್ನು ಗೇಟಿಗೆ ಕಟ್ಟಿದರು. ಚಿಕ್ಕಪ್ಪ ಓಡಿ ಬಂದು, ಭುಜ ಕೊಟ್ಟು, ತೋಳು ಒತ್ತಿ ಅದನ್ನು ಕೀಳಲು ಹೊರಟ. ಬೀದಿಯಲ್ಲಿ ನಿಂತಿದ್ದವರು ಆಗಲೇ ಓದುತ್ತಿದ್ದರು. ಅಲ್ಲಿ ಅವನ ಮಗಳು ಎರಡೂ ಕೈಯಿಂದ ಹಗ್ಗ ಹಿಡಿದು ಅಲ್ಲಾಡದೆ ನಿಂತಿದ್ದಳು. ಅವನು ಕೈಬಿಟ್ಟು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಹೆಣ ಎತ್ತಿದರು. ಮುಂದೆ ಭುಜ ಕೊಟ್ಟವನು ಚಿಕ್ಕಪ್ಪನೇ. ಅಣ್ಣನ ಭಾರ ಹೊತ್ತು, ಬಿಕ್ಕಿ ಬಿಕ್ಕಿ ಅಳುತ್ತಾ, ಅವನು ಗೇಟು ದಾಟಿದ. ಅವನ ಬಿಳಿ ಅಂಗಿಯ ತೋಳಿನ ಮೇಲೆ ಕೆಂಪು ಅಕ್ಷರಗಳು ಹಸಿಯಾಗಿ ಅಂಟಿಕೊಂಡಿದ್ದವು.